ಮಾರುತಿ ವ್ಯಾಯಾಮ ಸಂಘದ ಬೆಳ್ಳಿ ಗದೆ

ಭೂಮಂಡಲದ ಚರಿತ್ರೆ ಬರೆಯುವವರು ಸಾವಿರದ ಒಂಬೈನೂರ ಐವತ್ತೇಳನೆಯ ಇಸವಿಗೆ ಬಂದಾಗ ರಷ್ಯಾದವರು ಆಕಾಶಕ್ಕೆ ನಾಯಿ ಹಾರಿಸಿದ್ದನ್ನೇ ದೊಡ್ಡದಾಗಿ ಬರೆದುಕೊಂಡಾರು. ಅದು ಅವರ ಅಜ್ಞಾನ. ಆ ವರ್ಷ ಮನುಷ್ಯಕುಲದ ಮುಂದೆ ನಿಂತಿದ್ದ ನಿಜವಾದ ಪ್ರಶ್ನೆ ಶಿಕಾರಿಪುರದಲ್ಲಿತ್ತು. ಮಾರುತಿ ವ್ಯಾಯಾಮ ಸಂಘವು ತನ್ನ ಕುಸ್ತಿ ಸ್ಟೇಡಿಯಮ್ಮನ್ನು ಸ್ವಂತ ಗಂಟಿನಿಂದ ಕಟ್ಟಿಕೊಳ್ಳಬೇಕೋ, ಸರ್ಕಾರ ಕಟ್ಟಿಕೊಡುವ ತನಕ ಕಾಯಬೇಕೋ?

ಊರು ಎರಡು ಹೋಳಾಗಿತ್ತು. ಹೋಟೆಲಿನಲ್ಲಿ ‘ಸ್ವಂತ’ದವರು ಒಂದು ಬೆಂಚು, ‘ಸರ್ಕಾರ’ದವರು ಇನ್ನೊಂದು ಬೆಂಚು. ಈ ಮಾತಿಗೆ ಬೀಗರು ಬೀಗರ ಮನೆಯ ಊಟ ಬಿಟ್ಟದ್ದುಂಟು. ಕ್ಷೌರದ ಅಂಗಡಿಯಲ್ಲಿ ಅರ್ಧ ಗಡ್ಡ ತೆಗೆಸಿಕೊಂಡು ವಾದದ ಆವೇಶದಲ್ಲಿ ಎದ್ದುಹೋದವನೊಬ್ಬ, ಮಾನಕ್ಕಂಜಿ ಹಿಂದಿರುಗಲಾರದೆ, ಮಿಕ್ಕರ್ಧವನ್ನು ಹೊತ್ತುಕೊಂಡೇ ತಿರುಗಿದ. ಸ್ಟೇಡಿಯಂ ಎಂದರೆ ಇವರೆಲ್ಲರ ಮನಸ್ಸಿನಲ್ಲಿ ಇದ್ದದ್ದಾದರೂ ಎಷ್ಟು? ಗರಡಿಯ ಪಕ್ಕದ ಬಯಲಿನಲ್ಲಿ ಒಂದು ಅಖಾಡ, ಅದರ ಸುತ್ತ ಕಲ್ಲಿನ ಮೆಟ್ಟಿಲು, ಮೇಲೆ ತಗಡು, ಎದುರಿಗೆ ಕಮಾನು, ಕಮಾನಿನ ಮೇಲೆ ಹೆಸರು. ಯಾರ ಹೆಸರು ಎಂಬಲ್ಲಿಗೆ ಬಂದಾಗ ಮಾತ್ರ ಎರಡು ಬೆಂಚಿನವರೂ ಒಟ್ಟಿಗೇ ಕೆಮ್ಮುತ್ತಿದ್ದರು.

ಸರ್ಕಾರ ಪಕ್ಷದ ದಳಪತಿ ಸಂಘದ ಕಾರ್ಯದರ್ಶಿ ಬೆನಕಪ್ಪ. ಪೇಟೆಬೀದಿಯಲ್ಲಿ ತಾಮ್ರ ಹಿತ್ತಾಳೆಯ ಪಾತ್ರೆ ಅಂಗಡಿ. ಹೊನ್ನಾಳಿ ಕಡೆಯ ಎರೆಸೀಮೆಯಿಂದ ಅಪ್ಪನ ಕಾಲಕ್ಕೆ ಬಂದು ನೆಲೆಸಿದ ಮನೆತನ. ಜೋಳದ ರೊಟ್ಟಿಯನ್ನೂ ಅಲ್ಲಿಯ ಮಾತನ್ನೂ ಇನ್ನೂ ಬಿಟ್ಟಿರಲಿಲ್ಲ. ಕುಸ್ತಿ ಸಂಘದ ಕಾರ್ಯದರ್ಶಿಯಾಗಿಯೂ ಅವನ ಮೈಗೆ ಒಂದು ದಿನವಾದರೂ ಗರಡಿಯ ಮಣ್ಣು ಅಂಟಿದ್ದಿಲ್ಲ. ಅವನಿಗೆ ಬರುತ್ತಿದ್ದ ಪಟ್ಟು ಒಂದೇ, ಅರ್ಜಿ. ಸ್ಟೇಡಿಯಂ ಬೇಕೆಂದು ಶಿವಮೊಗ್ಗಕ್ಕೆ ಬರೆದಿದ್ದ, ಬೆಂಗಳೂರಿಗೆ ಬರೆದಿದ್ದ, ರಾಜ್ಯ ದೊಡ್ಡದಾದ ಮೇಲೆ ಹೊಸ ವಿಳಾಸಗಳನ್ನು ಹುಡುಕಿ ಮೊದಲಿನಿಂದ ಬರೆದಿದ್ದ. ಒಮ್ಮೆ ‘ಪರಿಶೀಲನೆಯಲ್ಲಿದೆ’ ಎಂದು ಉತ್ತರ ಬಂದಿತ್ತು. ಅದಕ್ಕೆ ಕಟ್ಟು ಹಾಕಿಸಿ ಅಂಗಡಿಯಲ್ಲಿ ತೂಗುಹಾಕಿ, ಶುಕ್ರವಾರ ಲಕ್ಷ್ಮಿಯ ಪಟಕ್ಕೆ ಹೂವು ಏರಿಸುವಾಗ ಅದಕ್ಕೂ ಒಂದೆಸಳು ಏರಿಸುತ್ತಿದ್ದ.

ಇದನ್ನೆಲ್ಲ ಅವನು ಊರಿನ ಮೇಲಿನ ಪ್ರೀತಿಯಿಂದ ಮಾಡುತ್ತಿದ್ದ ಎಂದು ಊರೇ ನಂಬಿತ್ತು. ನಂಬದಿದ್ದದ್ದು ಅವನ ಮನೆಯ ಮಹಡಿ ಮಾತ್ರ. ಆ ಮಹಡಿ ಇನ್ನೂ ಹುಟ್ಟಿರಲಿಲ್ಲ. ತಾರಸಿಯ ಮೇಲೆ ನಾಲ್ಕು ಮೂಲೆಗೆ ನಾಲ್ಕು ಇಟ್ಟಿಗೆಯ ಕಂಬಗಳು, ಒಳಗೆ ಕಾಂಕ್ರೀಟು ಸುರಿಯಲೆಂದು ಪೊಳ್ಳು ಬಿಟ್ಟವು, ಬಾಯ್ದೆರೆದು ಆಕಾಶ ನೋಡುತ್ತ ನಿಂತಿದ್ದವು. ಸಿಮೆಂಟು ಆಗ ಪರ್ಮಿಟ್ಟಿನ ಮಾಲು. ಖಾಸಗಿಯವನು ಒಂದು ಮೂಟೆ ಕೇಳಿದರೆ ಅಮಲ್ದಾರರ ಕಚೇರಿಯ ಮೆಟ್ಟಿಲು ಸವೆಯಬೇಕು. ಆದರೆ ಸರ್ಕಾರಿ ಕಟ್ಟಡಕ್ಕೆ ಬಂದ ಸಿಮೆಂಟು ಮಳೆನೀರಿದ್ದಂತೆ, ಇಳಿಜಾರು ಕಂಡತ್ತ ಹರಿಯುತ್ತದೆ. ಗರಡಿಗೂ ತನ್ನ ಮನೆಗೂ ನಡುವೆ ಇರುವುದು ಒಂದೇ ಹಿತ್ತಲಗೋಡೆ ಎಂಬುದನ್ನು ಬೆನಕಪ್ಪ ಬಹಳ ಹಿಂದೆಯೇ ಗಮನಿಸಿದ್ದ. ಸರ್ಕಾರ ಸ್ಟೇಡಿಯಂ ಕಟ್ಟಿದರೆ ಮೆಟ್ಟಿಲು ಅತ್ತ ಏಳುತ್ತದೆ, ಮಹಡಿ ಇತ್ತ ಏಳುತ್ತದೆ. ಮಂತ್ರಿಗಳು ಬಂದು ಕಲ್ಲು ನೆಡುತ್ತಾರೆ, ಕಲ್ಲಿನ ಮೇಲೆ ‘ಕಾರ್ಯದರ್ಶಿ ಬೆನಕಪ್ಪ’ ಎಂದು ಕೊರೆದಿರುತ್ತದೆ. ಸಂಘವೇ ಕಟ್ಟಿದರೆ? ಅಧ್ಯಕ್ಷ ಶಾಂತವೀರಪ್ಪ ಮೂಟೆ ಮೂಟೆಯ ಮೇಲೂ ಕುಳಿತು ಕಾಯುತ್ತಾನೆ. ಅಕ್ಕಿ ಗಿರಣಿ ನಡೆಸುವ ಮನುಷ್ಯ. ತೌಡು ಸೋರಿದರೂ ಎಬ್ಬಿಸಿ ಕೇಳುವವನು.

ಇಂಥ ಸೂಕ್ಷ್ಮ ತೂಗಾಟವನ್ನು ಕೆಡಿಸಿದವರು ಸೊರಬದವರು. ಆ ಸಲದ ಶಿಕಾರಿಪುರ–ಸೊರಬ ಕುಸ್ತಿ ಸೊರಬದಲ್ಲಿತ್ತು. ಹೋಗಿ ನೋಡಿದರೆ ಅಲ್ಲಿಯವರು ತಮ್ಮ ಕೈಯಾರೆ ಜಂಬಿಟ್ಟಿಗೆಯ ಮೆಟ್ಟಿಲು ಕಟ್ಟಿಕೊಂಡು, ಅದರ ಮೇಲೆ ಕಾಲು ಚಾಚಿ ಕುಳಿತು, ಕಡಲೆಕಾಯಿ ಸಿಪ್ಪೆಯನ್ನು ಕೆಳಗೆ ನಿಂತಿದ್ದ ಶಿಕಾರಿಪುರದವರ ತಲೆಯ ಮೇಲೆ ಉದುರಿಸುತ್ತಿದ್ದರು. ಅಲ್ಲಿಯ ಸಂಘದ ಮುಖಂಡ ಗೋಪಾಲಪ್ಪ ಬೆನಕಪ್ಪನನ್ನು ಕೈಹಿಡಿದು ಮೇಲೆ ಕೂರಿಸಿ, ಎಲ್ಲರಿಗೂ ಕೇಳುವಂತೆ ವಿಚಾರಿಸಿದ:

“ನಿಮ್ಮ ಸ್ಟೇಡಿಯಂ ಎಲ್ಲಿಗೆ ಬಂತು ಮಾರಾಯ್ರೇ? ಇನ್ನೂ ಟಪಾಲಲ್ಲೇ ಇದೆಯನ?”

ಕುಸ್ತಿಯನ್ನು ಶಿಕಾರಿಪುರವೇ ಗೆದ್ದಿತು. ಆದರೆ ಗೆದ್ದು ಬಂದವರ ಮುಖ ಸೋತವರ ಮುಖದಂತಿತ್ತು. ಮರುವಾರವೇ ಗರಡಿಯ ಜಗಲಿಯ ಮೇಲೆ ಸಭೆ ಸೇರಿತು.

ಶಾಂತವೀರಪ್ಪನ ಬಾಯಲ್ಲಿ ಎಲೆ ಅಡಿಕೆ ಇಲ್ಲದ ಹೊತ್ತನ್ನು ಕಂಡವರಿಲ್ಲ. ಅವನು ಗದ್ದ ಮೇಲೆತ್ತಿ, ರಸ ಚೆಲ್ಲದಂತೆ ಕೆಳದುಟಿಯನ್ನು ತೊಟ್ಟಿ ಮಾಡಿಕೊಂಡು, ಸೂರಿನ ತೊಲೆಗೆ ಹೇಳುವವನಂತೆ ಮಾತಾಡುತ್ತಿದ್ದ.

“ಸರ್ಕಾರ ಕಟ್ಟಿದ್ರೆ ಸರ್ಕಾರದ ಬೀಗ ಬೀಳ್ತೈತೆ. ಇವತ್ತು ಕುಸ್ತಿ ಅಂತಾರೆ, ನಾಳೆ ಕೋಳಿ ಪ್ರದರ್ಶನ ಅಂತಾರೆ. ನಮ್ ಪೈಲ್ವಾನ್ರು ನಮ್ ಬಾಗಿಲಲ್ಲೇ ನಿಂತು ಪಾಸು ಕೇಳ್ಬೇಕು. ಬೇಡಿ ಕಟ್ಟಿಸ್ಕೊಂಡಿದ್ದು ನಮ್ದಾಗಲ್ಲ ಕಣ್ರೀ.”

“ನಾವೇನು ಕಂದಾಯ ಕಟ್ಟಲ್ವೇನ್ರಿ?” ಎಂದ ಬೆನಕಪ್ಪ. “ಕೊಟ್ಟಿದ್ದನ್ನ ವಾಪಸ್ ಕೇಳಾದು ಬೇಡೋದು ಹ್ಯಾಂಗಾಗ್ತೈತಿ? ಅರ್ಜಿ ಪರಿಶೀಲನೆಯಾಗ ಐತಿ. ಈಗ ನಾವೇ ಕಟ್ಟಿಬಿಟ್ರೆ ಸರ್ಕಾರಕ್ಕ ಮುಖಭಂಗ ಮಾಡಿದಂಗೆ.”

ಗರಡಿಯ ಉಸ್ತಾದ್ ಹಬೀಬುಲ್ಲಾ ಸಾಬರು ಪಕ್ಕದಲ್ಲಿ ಕುಳಿತಿದ್ದ ಗೂಳಿಯಂಥ ಪೈಲ್ವಾನನೊಬ್ಬನ ಬೆನ್ನು ತಟ್ಟಿದರು.

“ಸೆಕ್ರೆಟ್ರಿ ಸಾಹೇಬ್ರೇ, ನೀವು ಅರ್ಜಿ ಬರೆಯೋಕ್ ಶುರು ಮಾಡ್ದಾಗ ಇವ್ನು ತೊಟ್ಟಿಲಲ್ಲಿದ್ದ. ಈಗ ಇವನ ಮಗ ತೊಟ್ಟಿಲಲ್ಲವ್ನೆ. ಮೊಮ್ಮಗನಿಗಾದ್ರೂ ಸ್ಟೇಡಿಯಂ ಸಿಗ್ತೈತೇನ್ರೀ?”

ಜಗಲಿ ನಗೆಯಿಂದ ಅಲುಗಿತು. ಆ ನಗೆಯ ನಡುವೆಯೇ ಶಾಂತವೀರಪ್ಪ ಗದ್ದವನ್ನು ಇನ್ನಷ್ಟು ಮೇಲೆತ್ತಿ ಹೇಳಿದ ಮಾತು ಬೆನಕಪ್ಪನ ಕಿವಿಗೆ ಕಾಸಿದ ಸೀಸದಂತೆ ಇಳಿಯಿತು. ಸಂಘದ ಗದೆ ಮಾರಿಬಿಡೋಣ. ಆ ದುಡ್ಡಿನಲ್ಲಿ ಕಟ್ಟೋಣ.

ಗದೆ! ಯಾವ ಕಾಲದಲ್ಲೋ ಒಬ್ಬ ಕುಸ್ತಿಪ್ರಿಯ ಸಾಹುಕಾರ ಮಾರುತಿಯ ಹೆಸರಿನಲ್ಲಿ ಕೊಟ್ಟ ಬೆಳ್ಳಿಯ ಗದೆ. ಸೊರಬದೊಡನೆ ಕುಸ್ತಿ ಗೆದ್ದ ದಿನ ಮಾತ್ರ ಪೆಟ್ಟಿಗೆಯಿಂದ ಹೊರಬಂದು, ಗೆದ್ದವನ ಹೆಗಲೇರಿ ಊರು ಸುತ್ತಿ, ಮತ್ತೆ ಪೆಟ್ಟಿಗೆ ಸೇರುವ ಗದೆ. ಸಂಘಕ್ಕೆ ಸ್ವಂತದ್ದೆಂದು ಇದ್ದದ್ದು ಅದೊಂದೇ. ಕೆರೆ ಕೆಳಗೆ ಯಾರೋ ಬಿಟ್ಟುಹೋದ ಒಂದು ತುಂಡು ಹೊಲವಿತ್ತು, ಪೈಲ್ವಾನರ ಹೊಟ್ಟೆಗೆ ಗೇಣಿ ಭತ್ತ ಬರುತ್ತಿತ್ತು, ಅದರ ಉಸಾಬರಿಯೆಲ್ಲ ಶಾಂತವೀರಪ್ಪನದು, ಅಂಥದಕ್ಕೆ ಬೆನಕಪ್ಪ ತಲೆ ಹಾಕುತ್ತಿರಲಿಲ್ಲ. ಗದೆ ಮಾರಿದರೆ ಒಂದು ಗೋಡೆ ಎದ್ದೀತು, ಸ್ಟೇಡಿಯಂ ಏಳುವುದು ಹೇಗೆಂದು ಒಬ್ಬನಾದರೂ ಕೇಳಬೇಡವೇ? ಕೇಳಲಿಲ್ಲ. “ಮಾರ್ರೀ, ಮಾರ್ರೀ!” ಎಂದು ಚಪ್ಪಾಳೆ ತಟ್ಟಿದರು. ಇಷ್ಟು ಜನರಲ್ಲಿ ಗಣಿತ ಬಲ್ಲವನು ತಾನೊಬ್ಬನೇ ಎಂಬ ದುಃಖದಿಂದ ಬೆನಕಪ್ಪ, ಪ್ರತಿಭಟನೆಯ ಸೂಚಕವಾಗಿ, ಲೇಖನಿಗೆ ಟೋಪಿ ಹಾಕಿ ಜೇಬಿಗಿಟ್ಟುಕೊಂಡ. ನಿರ್ಣಯವನ್ನು ಬರೆದುಕೊಳ್ಳುವುದಿಲ್ಲ ಎಂಬುದು ಅವನ ಸತ್ಯಾಗ್ರಹ. ಯಾರೂ ಗಮನಿಸಲಿಲ್ಲ.

ಮನೆಗೆ ಬಂದು ತಾರಸಿ ಹತ್ತಿದ. ನಾಲ್ಕು ಕಂಬಗಳೂ ಬಾಯಿ ಬಿಟ್ಟುಕೊಂಡೇ ಇದ್ದವು. ಆಗ ಅವನಿಗೆ ಹೊಳೆದದ್ದು ಕಳ್ಳತನವಲ್ಲ. ಕಳ್ಳತನವೆಂಬ ಶಬ್ದ ಅವನ ಮನಸ್ಸಿನ ಹೊಸಿಲನ್ನೂ ದಾಟಲಿಲ್ಲ. ಅರ್ಜಿಗಳಲ್ಲಿ ಪಳಗಿದ ಅವನ ತಲೆ ಅದಕ್ಕೆ ಕೊಟ್ಟ ಹೆಸರು ‘ತಾತ್ಕಾಲಿಕ ಸ್ಥಳಾಂತರ’. ಮಾರಲು ಗದೆಯೇ ಇಲ್ಲವೆಂದಾದರೆ ಸ್ವಂತದವರ ಬೆಂಚು ತಾನಾಗಿ ಮುರಿಯುತ್ತದೆ. ಉಳಿಯುವ ದಾರಿ ಅರ್ಜಿಯೊಂದೇ. ಸರ್ಕಾರದ ಮಂಜೂರಾತಿ ಬಂದು, ಮೆಟ್ಟಿಲೂ ಮಹಡಿಯೂ ಎದ್ದ ಮೇಲೆ, ಗದೆ ಸೊರಬದ ದಾರಿಯಲ್ಲಿ ಯಾವುದಾದರೊಂದು ಕೆರೆ ಏರಿಯ ಪೊದೆಯಲ್ಲಿ ಸಿಗುತ್ತದೆ. ಹುಡುಕಿ ತಂದವನು ಬೆನಕಪ್ಪ. ಆ ದಿನ ಮಾಡಬೇಕಾದ ಭಾಷಣದ ಮೊದಲ ವಾಕ್ಯ ಕೂಡ ತಾರಸಿಯ ಮೇಲೆಯೇ ಸಿದ್ಧವಾಯಿತು: “ಧರ್ಮಕ್ಕೆ ತಡವಾದೀತು, ಸೋಲಾಗದು.”

ಕದಿಯುವುದು ಸುಲಭ, ಸಿಕ್ಕಿಬೀಳದಿರುವುದು ಕಲೆ ಎಂದು ಅವನು ತನಗೆ ತಾನೇ ಪಾಠ ಹೇಳಿಕೊಂಡ. ಮೂರ್ಖರು ಸಿಕ್ಕಿಬೀಳುವುದು ಕೈಯಿಂದಲ್ಲ, ಬಾಯಿಂದ. ಕದ್ದವನು ಕದ್ದ ಮಾಲಿನ ಸುತ್ತಲೇ ಮಾತಾಡುತ್ತಾನೆ. ನಾಲಿಗೆಗೆ ಅದರದೇ ತುರಿಕೆ. ಆದ್ದರಿಂದ ಬೆನಕಪ್ಪ ಒಂದು ವ್ರತ ತೊಟ್ಟ. ಈ ಕೆಲಸ ಮುಗಿಯುವ ತನಕ ‘ಗದೆ’ ಎಂಬ ಶಬ್ದ ತನ್ನ ತುಟಿಯಿಂದ ಹೊರಡಬಾರದು. ಯಾರಾದರೂ ಆ ಸುದ್ದಿ ಎತ್ತಿದರೆ ಹೂಂ ಎನ್ನಬೇಕು, ಹೆಚ್ಚೆಂದರೆ ನಿಟ್ಟುಸಿರು ಬಿಡಬೇಕು. ಹೀಗೆ ಮೌನವನ್ನೇ ಬೇಲಿ ಮಾಡಿಕೊಂಡ ಅಪರಾಧಿ ತಾಲ್ಲೂಕಿನಲ್ಲಿ ಹಿಂದೆ ಹುಟ್ಟಿರಲಿಲ್ಲ ಎಂದು ಅವನಿಗೆ ಖಚಿತವಾಗಿತ್ತು.

ಪೆಟ್ಟಿಗೆ ಇದ್ದದ್ದು ಗರಡಿಯ ಒಳಕೋಣೆಯಲ್ಲಿ. ಬೀಗವೇನೋ ಗಟ್ಟಿಯದು, ಆದರೆ ಕೀಲಿ ಗೂಡಿನ ಮಾರುತಿಯ ಪಾದದ ಬಳಿ ಇರುತ್ತಿತ್ತು. ಹಿಂದಿನಿಂದ ಬಂದ ಪದ್ಧತಿ. ದೇವರ ಪಾದದಿಂದ ಕೀಲಿ ಎತ್ತುವ ಎದೆ ಯಾರಿಗಿದೆ ಎಂಬುದು ಊರಿನ ಧೈರ್ಯ. ದೇವರನ್ನು ಪುಕ್ಕಟೆ ಕಾವಲಿಗಿಟ್ಟುಕೊಂಡ ಈ ಊರಿನ ಜಿಪುಣತನ ಬೆನಕಪ್ಪನಿಗೆ ಬಹಳ ಮೆಚ್ಚಿಕೆಯಾಯಿತು. ಕೀಲಿ ಯಾರ ಕೈಗಾದರೂ ಸಿಗುವಂಥದು. ಎಂದಮೇಲೆ ಯಾರ ತಲೆಗೆ ಬೇಕಾದರೂ ಕಟ್ಟಬಹುದು. ತಲೆಯನ್ನು ಅವನು ಆಗಲೇ ಆರಿಸಿಟ್ಟಿದ್ದ. ಟಪಾಲಿನ ಮಾತಾಡಿದ ಸೊರಬದ ತಲೆ.

ಮುಂದಿನ ಕುಸ್ತಿಯ ಷರತ್ತು ಮಾತಾಡಲು ಗೋಪಾಲಪ್ಪನೂ ಅವನ ಕಡೆಯವರೂ ಶಿಕಾರಿಪುರಕ್ಕೆ ಬಂದರು. ಅವರು ಬಂದದ್ದು ಸೋಮವಾರ. ಸೋಮವಾರವೇ ಬರಲೆಂದು ಕಾಗದ ಹಾಕಿದವನು ಬೆನಕಪ್ಪ. ಷರತ್ತು ಮುಗಿದ ಮೇಲೆ ಗೋಪಾಲಪ್ಪ ತಾನಾಗಿಯೇ ಕೇಳಿದ:

“ಆ ಬೆಳ್ಳೀದೊಂದು ಸಲ ತೋರ್ಸಿ ಮಾರಾಯ್ರೇ. ಮುಂದಿನ ಸಲ ಎತ್ತಿಕೊಂಡು ಹೋಗ್ಬೇಕಲ, ಭಾರ ಎಷ್ಟಿದೆ ನೋಡ್ತೆ.”

“ನೋಡ್ಕೊಳ್ರಿ ನೋಡ್ಕೊಳ್ರಿ. ನಿಮ್ಗೆ ನೋಡೋ ಭಾಗ್ಯ ಅಷ್ಟೇ ಇರೋದು,” ಎಂದರು ಹಬೀಬುಲ್ಲಾ ಸಾಬರು.

ಪೆಟ್ಟಿಗೆ ತೆರೆಯಿತು. ಸೊರಬದವರು ಒಬ್ಬೊಬ್ಬರಾಗಿ ಮುಟ್ಟಿದರು, ಎತ್ತಿದರು, ಹೆಗಲಿಗಿಟ್ಟು ನಕ್ಕರು. ಅಷ್ಟು ಕೈಗಳು ಅದರ ಮೇಲೆ ಓಡಾಡುವುದನ್ನು ಬೆನಕಪ್ಪ ಮದುವೆಯಲ್ಲಿ ಅಕ್ಷತೆ ಬೀಳುವುದನ್ನು ನೋಡುವ ತಂದೆಯಂತೆ ನೋಡಿದ. ಮತ್ತೆ ಬೀಗ ಬಿತ್ತು. ಕೀಲಿ ಮಾರುತಿಯ ಪಾದ ಸೇರಿದ್ದನ್ನು ಗೋಪಾಲಪ್ಪ ಕಣ್ಣಾರೆ ಕಂಡ. ಕಾಣುವಂತೆ ಬೆನಕಪ್ಪ ಪಕ್ಕಕ್ಕೆ ಸರಿದು ನಿಂತಿದ್ದ. ಎಲ್ಲರೂ ಶಾಂತವೀರಪ್ಪನ ಮನೆಗೆ ಹೋಳಿಗೆ ಊಟಕ್ಕೆ ಹೊರಟರು. ಬೆನಕಪ್ಪನಿಗೆ ಸೋಮವಾರದ ಒಪ್ಪತ್ತು. ಅವನ ಭಕ್ತಿಯನ್ನು ಎಲ್ಲರೂ ಕೊಂಡಾಡಿ, ಅವನ ಪಾಲಿನ ಹೋಳಿಗೆಯನ್ನೂ ತಾವೇ ತಿಂದರು.

ಬಿಸ್ಸನೆ ಬಿಸಿಲು. ಬೀದಿಯಲ್ಲಿ ನಾಯಿಯಿಲ್ಲ. ಹಿತ್ತಲಬಾಗಿಲಿನಿಂದ ಗರಡಿಗೆ ಹೋಗುವುದು, ದೇವರಿಗೆ ಕೈಮುಗಿದು ಕೀಲಿ ಎತ್ತುವುದು (ಕೈಮುಗಿಯುವುದನ್ನು ಅವನು ಮರೆಯಲಿಲ್ಲ), ಗದೆ ತೆಗೆದು ಅದರ ತೂಕಕ್ಕೆ ಸರಿಯಾಗಿ ಹಿತ್ತಲಿನಲ್ಲಿ ಬಿದ್ದಿದ್ದ, ಪೈಲ್ವಾನರು ಎತ್ತಾಡುವ ಗುಂಡುಕಲ್ಲೊಂದನ್ನು ಗೋಣಿಯಲ್ಲಿ ಸುತ್ತಿ ಒಳಗಿಡುವುದು, ಬೀಗ, ಮತ್ತೆ ಪಾದ, ಮತ್ತೆ ಕೈಮುಗಿಯುವುದು. ಗದೆಯ ಹಿಡಿ ತಿರುಪಿದರೆ ಬಿಚ್ಚಿಬರುತ್ತಿತ್ತು. ಎರಡೂ ತುಂಡನ್ನು ತಾಮ್ರದ ಹಂಡೆಯಲ್ಲಿಟ್ಟು ಮೇಲೆ ಹುಲ್ಲು ತುರುಕಿ ಹೊತ್ತು ತಂದ. ಪಾತ್ರೆ ಅಂಗಡಿಯವನ ತಲೆಯ ಮೇಲೆ ಹಂಡೆ ಕಂಡರೆ ಬ್ರಹ್ಮನಿಗೂ ಸಂಶಯ ಬಾರದು. ತಾರಸಿಯ ಮೂಲೆಕಂಬದ ತೆರೆದ ಬಾಯಿಗೆ ಗದೆ ಇಳಿಯಿತು. ಅದರ ಮೇಲೆ ಇಟ್ಟಿಗೆ ಚೂರು, ಅದರ ಮೇಲೆ ಗಾರೆ.

ಹೆಂಡತಿ ಮಹಾದೇವಮ್ಮ ಒಣಹಾಕಿದ ಸಂಡಿಗೆ ತೆಗೆಯಲು ಬಂದವಳು ಸೊಂಟಕ್ಕೆ ಕೈಯಿಟ್ಟು ನಿಂತಳು.

“ಹುಟ್ಟಿದಾಗಿಂದ ಕರಣೆ ಹಿಡೀದೋರು ಇವತ್ತೇನ್ರೀ?”

“ಪಾರಿವಾಳ ಗೂಡು ಕಟ್ತಾವು,” ಎಂದ ಬೆನಕಪ್ಪ.

“ಒಂದು ಕಂಬದಾಗಷ್ಟೇ ಕಟ್ತಾವೇನು?”

ಅವಳ ಪ್ರಶ್ನೆಯ ನ್ಯಾಯ ಕಂಡು ಬೆನಕಪ್ಪ ಮಿಕ್ಕ ಮೂರು ಕಂಬದ ಬಾಯಿಗೂ ಗಾರೆ ಮೆತ್ತಿದ. ಇಷ್ಟು ಎಚ್ಚರ ಯಾವ ಕಳ್ಳನಿಗಿದ್ದೀತು ಎಂದು ಬೆನ್ನು ನೋಯುತ್ತಿದ್ದರೂ ಮನಸ್ಸು ಹಗುರಾಯಿತು.

ಇನ್ನು ಕಾಯುವುದಷ್ಟೇ. ಮಾರುವ ದಿನ ಪೆಟ್ಟಿಗೆ ತೆರೆಯುತ್ತಾರೆ, ಕಲ್ಲು ಕಾಣುತ್ತದೆ, ಕೊನೆಗೆ ಮುಟ್ಟಿದವರು ಯಾರು ಎಂಬ ಪ್ರಶ್ನೆ ಏಳುತ್ತದೆ, ಉತ್ತರ ಸೊರಬದ ಬಸ್ಸು ಹತ್ತುತ್ತದೆ. ಕಂಡುಹಿಡಿಯುವವರು ಬೇರೆಯವರೇ ಆಗಬೇಕು. ತಾನು ಆಗ ಮೂಲೆಯಲ್ಲಿ ನಿಂತು ‘ಶಿವ ಶಿವಾ’ ಎನ್ನುವವನು ಮಾತ್ರ.

ಆದರೆ ಮಾರುವ ದಿನ ಬೇಗ ಬರಲೊಲ್ಲದು. ಒಂದು ದಿನ ಗಿರಣಿಯ ಮುಂದೆ ಸಿಕ್ಕ ಶಾಂತವೀರಪ್ಪ, ಗದ್ದ ಮೇಲೆತ್ತಿ, “ಅವಸರ ಏನೈತೆ? ಕೊಯ್ಲು ಮುಗೀಲಿ, ಆಮೇಲೆ ಮಾರಾನ,” ಎಂದ. ಗಿರಣಿಯವನ ಬುದ್ಧಿ, ಎಂದುಕೊಂಡ ಬೆನಕಪ್ಪ. ಕೊಯ್ಲಾದ ಮೇಲೆ ಜನರ ಕೈಯಲ್ಲಿ ಕಾಸು ಆಡುತ್ತದೆ, ಬೆಳ್ಳಿಗೂ ಬೆಲೆ ಏರುತ್ತದೆ. ಹೂಂ ಎಂದ.

ಹಬೀಬುಲ್ಲಾ ಸಾಬರು ಅಂಗಡಿಗೆ ಬಂದು ಬಿಂದಿಗೆಯೊಂದನ್ನು ತಟ್ಟಿ ನೋಡುತ್ತ ಹೇಳಿದರು: “ಮಾರೋ ಮುಂಚೆ ಸರಿಯಾಗಿ ಒಂದ್ಸಲ ಅಳೆಸ್ಬಿಡ್ರಿ ಸೆಕ್ರೆಟ್ರಿ ಸಾಹೇಬ್ರೇ. ಹಿಂದಿನೋರ ಬಾಯಿಮಾತು ನಂಬಬ್ಯಾಡ್ರಿ.”

ಬೆಳ್ಳಿಯನ್ನು ತೂಗಿಸುತ್ತಾರೆ, ಅಳೆಸುವುದಿಲ್ಲ. ಜೀವಮಾನವೆಲ್ಲ ಮಣ್ಣಿನಲ್ಲಿ ಹೊರಳಾಡಿದವರಿಗೆ ತೂಕವೂ ಒಂದೇ ಅಳತೆಯೂ ಒಂದೇ. ತಿದ್ದಲು ಬೆನಕಪ್ಪನ ನಾಲಿಗೆ ತುರಿಸಿತು; ವ್ರತ ನೆನಪಾಗಿ ಸುಮ್ಮನಾದ. ನಿಟ್ಟುಸಿರು ಮಾತ್ರ ಬಿಟ್ಟ.

ಮನೆಯಲ್ಲೂ ಅದೇ ಸುದ್ದಿ. “ದೇವರ ಹೆಸರಿಗೆ ಬಿಟ್ಟಿದ್ದನ್ನ ಮಾರ್ತೀರಂತಲ್ರೀ?” ಎಂದಳು ಮಹಾದೇವಮ್ಮ ರೊಟ್ಟಿ ತಟ್ಟುತ್ತ. “ಅಷ್ಟು ಜನ ಹುಡುಗರಿಗೆ ಅನ್ನ ಹಾಕಿದ್ದು. ಅನ್ನ ಹಾಕಿದ್ದನ್ನ ಮಾರಿದ್ರೆ ಒಳ್ಳೇದಾಗಲ್ಲ ನೋಡ್ರಿ.”

ಗದೆ ಯಾರಿಗೆ ಅನ್ನ ಹಾಕಿತು? ಹೆಂಗಸರ ಮಾತಿನಲ್ಲಿ ಅರ್ಥಕ್ಕಿಂತ ಅಲಂಕಾರ ಹೆಚ್ಚು ಎಂದು ಬೆನಕಪ್ಪ ಮತ್ತೊಂದು ರೊಟ್ಟಿ ಹಾಕಿಸಿಕೊಂಡ.

ಕೊಯ್ಲು ಮುಗಿಯಿತು. ಸುಗ್ಗಿಯ ಬಿಸಿಲು ಹದವಾಗಿ ಕಾಯುತ್ತಿದ್ದ ಒಂದು ಬೆಳಿಗ್ಗೆ ಗರಡಿಯ ಜಗಲಿಗೆ ಜಮಖಾನ ಬಿತ್ತು. ಕೊಳ್ಳುವವನು ತೊಗರ್ಸಿಯ ಆನಂದಪ್ಪ, ಬಣವೆಯಂಥ ಆಳು, ಮಾತು ಕಡಿಮೆ. ಇಂಥ ಒಕ್ಕಲಿಗನಿಗೆ ಬೆಳ್ಳಿ ಗದೆಯ ಚಪಲವೇಕೆಂದು ಬೆನಕಪ್ಪ ಯೋಚಿಸಿ, ತನ್ನೂರ ಮಲ್ಲಿಕಾರ್ಜುನನ ಗುಡಿಗೆ ಕೊಟ್ಟು ಹೆಸರು ಮಾಡಿಕೊಳ್ಳುವ ಹುನ್ನಾರವಿರಬೇಕೆಂದು ತೀರ್ಮಾನಿಸಿದ. ಹೆಸರಿಗಾಗಿ ಸಾಯುವ ಜನರ ಮೇಲೆ ಅವನಿಗೆ ಮರುಕವಾಯಿತು. ಸಾಕ್ಷಿಗೆಂದು ದಫೇದಾರ್ ಮಾರಪ್ಪನನ್ನೂ ಕರೆದಿದ್ದರು. ಮಾರಪ್ಪ ಪೊಲೀಸಿಗೆ ಸೇರುವ ಮೊದಲು ಇದೇ ಗರಡಿಯಲ್ಲಿ ಸಾಮು ಮಾಡಿದವನು. ಎಲ್ಲ ಒಳ್ಳೆಯದಕ್ಕೇ, ಕಳ್ಳತನ ಬಯಲಾಗುವಾಗ ಪೊಲೀಸು ಎದುರಿಗೇ ಇದ್ದರೆ ಸೊರಬಕ್ಕೆ ಹೋಗುವ ಬಸ್ಸು ತಪ್ಪುವುದಿಲ್ಲ.

ಬೆನಕಪ್ಪ ಕಂಬಕ್ಕೊರಗಿ ಕುಳಿತು ‘ಪೆಟ್ಟಿಗೆ ತನ್ರಿ’ ಎಂಬ ಮಾತಿಗೆ ಕಿವಿ ನೆಟ್ಟ. ಯಾರೂ ಅನ್ನಲಿಲ್ಲ. ಮಂಡಕ್ಕಿ ಬಂತು, ಕಾಫಿ ಬಂತು. ಈ ವರ್ಷದ ಭತ್ತದ ಧಾರಣೆ, ಕೆರೆಯ ತೂಬಿನ ರಿಪೇರಿ, ಆನಂದಪ್ಪನ ಎತ್ತುಗಳ ಕಾಲುಬಾಯಿ ಜ್ವರ ಎಲ್ಲ ಬಂದವು. ಪೆಟ್ಟಿಗೆ ಬರಲಿಲ್ಲ. ಆನಂದಪ್ಪ ಸೊಂಟದಿಂದ ಗಂಟು ಬಿಚ್ಚಿ ಎಲೆ ಅಡಿಕೆಯ ತಟ್ಟೆಯ ಮೇಲಿಟ್ಟ. ಶಾಂತವೀರಪ್ಪ ತಟ್ಟೆಯನ್ನು ಕಣ್ಣಿಗೊತ್ತಿಕೊಂಡು, ಮುತ್ತುಗದ ಎಲೆಯಲ್ಲಿ ಕಟ್ಟಿಟ್ಟಿದ್ದ ಒಂದು ಹಿಡಿ ಮಣ್ಣನ್ನು ಆನಂದಪ್ಪನ ಕೈಗೆ ಕೊಟ್ಟ. ಗರಡಿಯವರಿಗೆ ಹುಟ್ಟಿಗೂ ಮಣ್ಣು, ಸಾವಿಗೂ ಮಣ್ಣು, ವ್ಯಾಪಾರಕ್ಕೂ ಮಣ್ಣು ಎಂದು ಬೆನಕಪ್ಪ ಮುಖ ಸಿಂಡರಿಸಿದ.

“ತಗಳ್ರಿ ಆನಂದಪ್ಪ, ಮಾರುತಿ ಸಾಕ್ಷಿ. ಇವತ್ತಿಂದ ಅದು ನಿಮ್ದು,” ಎಂದ ಶಾಂತವೀರಪ್ಪ ತೊಲೆಯ ಕಡೆ ನೋಡಿ. “ನಾಳೆ ಸ್ಟೇಡಿಯಂಗೆ ಗುದ್ದಲಿ. ಸೊರಬದೋರಿಗೆ ಹೇಳಿ ಕಳಿಸ್ರಿ, ಟಪಾಲು ಬಂತು ಅಂತ!”

ಜಗಲಿಯೆಲ್ಲ ಹೋ ಎಂದಿತು. ಪೈಲ್ವಾನರು ತೊಡೆ ತಟ್ಟಿದರು.

ಬೆನಕಪ್ಪ ಒರಗಿದ್ದ ಕಂಬ ಬಿಟ್ಟು ಮುಂದಕ್ಕೆ ಬಾಗಿದ. ಪೆಟ್ಟಿಗೆ ತೆಗೆಯದೆ, ಮಾಲು ನೋಡದೆ, ತೂಗದೆ ವ್ಯಾಪಾರ ಮುಗಿಸಿದ್ದಾರೆ! ದಡ್ಡತನಕ್ಕೂ ಒಂದು ಮೇರೆ ಬೇಡವೇ? ಪರಿಪೂರ್ಣವಾದ ಉಪಾಯವೊಂದು, ಎದುರಾಳಿಗಳಿಗೆ ಅದರಲ್ಲಿ ಸಿಕ್ಕಿಬೀಳುವಷ್ಟೂ ಬುದ್ಧಿಯಿಲ್ಲದ ಕಾರಣಕ್ಕೆ ನೀರುಪಾಲಾಗುತ್ತಿದೆ. ಗಂಟು ಶಾಂತವೀರಪ್ಪನ ಮಡಿಲು ಸೇರುತ್ತಿತ್ತು. ಅದರ ಹಿಂದೆಯೇ ಮಂತ್ರಿ, ಕಲ್ಲು, ಕಲ್ಲಿನ ಮೇಲಿನ ಹೆಸರು, ಮೂಟೆ ಮೂಟೆ ಸಿಮೆಂಟು, ಗಾಳಿ ಬೀಸುವ ಮಹಡಿ ಎಲ್ಲ ಸಾಲಾಗಿ ನಡೆದುಹೋಗುತ್ತಿರುವುದು ಅವನಿಗೆ ಕಂಡಿತು. ಎದ್ದು ನಿಂತದ್ದು ಅವನಿಗೇ ತಿಳಿಯಲಿಲ್ಲ.

“ಏನ್ರೀ ನಿಮ್ದು? ಏನ್ ನಿಮ್ದು?” ಎಂದು ಕೂಗಿದ. “ಇಲ್ಲದ್ದನ್ನ ಹ್ಯಾಂಗ್ ಮಾರ್ತೀರಿ? ಪೆಟ್ಟಿಗೇನಾದ್ರೂ ತೆಗೆದು ನೋಡಿರೇನು? ಗದೆ ಎಲ್ಲೈತಿ? ಗದೆ ಹೋಗೇತಿ! ಸೊರಬದೋರು ಹೊಡಕೊಂಡು ಹೋಗ್ಯಾರ!”

ತೊಡೆ ತಟ್ಟುತ್ತಿದ್ದ ಕೈಗಳು ಗಾಳಿಯಲ್ಲೇ ನಿಂತವು. ಹಬೀಬುಲ್ಲಾ ಸಾಬರು ಎದ್ದು, ಮಾರುತಿಯ ಪಾದದಿಂದ ಕೀಲಿ ತಂದು, ಪೆಟ್ಟಿಗೆಯನ್ನು ಜಗಲಿಗೆ ಎಳೆಸಿ ಬೀಗ ತೆಗೆದರು. ಗೋಣಿ ಬಿಚ್ಚಿದರು.

“ಯಾ ಅಲ್ಲಾ! ನಮ್ ಹಿತ್ತಲ ಗುಂಡು!”

ಬೆನಕಪ್ಪ ಗೆದ್ದವನಂತೆ ಎದೆಯುಬ್ಬಿಸಿ ಸುತ್ತ ನೋಡಿದ. ತಡವಾದರೂ ಉಪಾಯ ಹಳಿಗೆ ಬಂದಿತ್ತು. ಇನ್ನು ಎಲ್ಲರ ಮುಖವೂ ಸೊರಬದ ದಿಕ್ಕಿಗೆ ತಿರುಗಬೇಕು. ಆದರೆ ಮುಖಗಳೆಲ್ಲ ತನ್ನ ಕಡೆಗೇ ತಿರುಗಿದ್ದವು. ಆನಂದಪ್ಪ ಮಣ್ಣಿನ ಪೊಟ್ಟಣವನ್ನು ಮಡಿಲಲ್ಲಿ ಭದ್ರವಾಗಿಟ್ಟುಕೊಂಡು, ಅವತ್ತಿನ ತನ್ನ ಮೊದಲ ಮಾತನ್ನು ಆಡಿದ: “ಗದೆ ಹೋದ್ರೆ ನಮ್ ವ್ಯಾಪಾರಕ್ಕೇನ್ರಿ?” ದಫೇದಾರ್ ಮಾರಪ್ಪ ನಿಧಾನವಾಗಿ ಪಕ್ಕಕ್ಕೆ ಬಂದು ನಿಂತ. “ಬೀಗ ಹಾಕಿದ ಪೆಟ್ಟಿಗೇಲಿ ಗದೆ ಇಲ್ಲ ಅಂತ ನಿಮಗ್ಯಾರು ಹೇಳಿದ್ರು ಬೆನಕಪ್ಪನೋರೇ?”

“ಮಾರೋ ಮಾಲು ಅಲ್ಲೇನ್ರಿ ಅದು?” ಎಂದು ಬೆನಕಪ್ಪ ತೊದಲಿದ. “ಅಧ್ಯಕ್ಷರೇ ಅಂದ್ರಲ್ಲ, ಮಾರಾನ ಅಂತ...”

ಶಾಂತವೀರಪ್ಪ ಜಗಲಿಯ ಅಂಚಿಗೆ ಹೋಗಿ, ಬಾಯಲ್ಲಿದ್ದುದನ್ನೆಲ್ಲ ಉಗಿದು, ನೀರು ಮುಕ್ಕಳಿಸಿ ಬಂದ. ಗದ್ದ ಇಳಿಸಿ ಅವನು ಮಾತಾಡಿದ್ದನ್ನು ಊರು ಕೇಳಿದ್ದು ಅದೇ ಮೊದಲು. “ನಾ ಅಂದಿದ್ದು ಗದ್ದೆ ಕಣ್ರೀ. ಕೆರೆ ಕೆಳಗಿನ ಗದ್ದೆ. ಗದೇನ ಯಾರಾದ್ರೂ ಮಾರ್ತಾರೇನ್ರಿ?” ಬೆನಕಪ್ಪನ ಮನೆಯ ಎರೆಸೀಮೆಯ ಮಾತಿನಲ್ಲಿ ಬಿತ್ತುವ ನೆಲವೆಲ್ಲ ಹೊಲವೇ, ಭತ್ತ ಬೆಳೆದರೂ ಹೊಲ, ಜೋಳ ಬೆಳೆದರೂ ಹೊಲ. ಗದ್ದೆಯೆಂಬ ಮಾತು ಆ ಕಿವಿಗೆ ಹೊಕ್ಕರೂ ಒಳಗೆ ಕೂರಲು ಮಣೆಯಿರಲಿಲ್ಲ. ಅದರ ದಕಾರದ ಒತ್ತು ಅಂದು ಅಧ್ಯಕ್ಷರ ಎಲೆ ಅಡಿಕೆಯ ರಸದಲ್ಲಿ ಮುಳುಗಿಹೋಗಿತ್ತು. ಗದೆ ಮಾರಾಟಕ್ಕಿದೆ ಎಂದು ಇಡೀ ತಾಲ್ಲೂಕಿನಲ್ಲಿ ತಿಳಿದಿದ್ದವನು ಒಬ್ಬನೇ. ಗದೆ ಕಳುವಾಗಿದೆ ಎಂದು ತಿಳಿದಿದ್ದವನೂ ಅವನೊಬ್ಬನೇ. ಎಲ್ಲಿದೆ ಎಂದು ಮಾರಪ್ಪ ಕೇಳುವ ಮೊದಲೇ ಬೆನಕಪ್ಪನ ಕಣ್ಣು ತನ್ನ ತಾರಸಿಯ ಕಡೆ ಹೋಯಿತು. ಮಧ್ಯಾಹ್ನದೊಳಗೆ ಕಂಬ ಒಡೆದರು. ಅವನಿಗೆ ಶಿವಮೊಗ್ಗದಲ್ಲಿ ಜೈಲಾಯಿತು. ಸ್ಟೇಡಿಯಂ ಸಂಘದ ದುಡ್ಡಿನಲ್ಲೇ ಆಯಿತು.